ಮೊದಲು ವಯಸ್ಸು ಕೇಳಿ, ಆಮೇಲೆ ಕಾಲು ನೋಡಿ: ಮಕ್ಕಳ ಚಪ್ಪಟೆ ಪಾದ, ಬಿಲ್ಲುಗಾಲು ಮತ್ತು ತಾಕುವ ಮಂಡಿ

(ಪೋಷಕರು ಮತ್ತು ಶಿಶುವಿಹಾರದ ಶಿಕ್ಷಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಒಂದು ವರ್ಷದ ಕೂಸಿನ ಕಾಲು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿದ್ದರೆ ಅದು ಸಹಜ. ಅದೇ ಬಾಗು ಮೂರೂವರೆ ವರ್ಷದ ಮಗುವಿನಲ್ಲಿ ಕಂಡರೆ ಪರೀಕ್ಷೆ ಬೇಕು. ಮೂರೂವರೆ ವರ್ಷದಲ್ಲಿ ಮಂಡಿಗಳು ಒಂದಕ್ಕೊಂದು ತಾಕಿ, ಕಾಲ ಗಿಣ್ಣುಗಳು ದೂರ ನಿಂತರೆ ಸಹಜ. ಒಂದು ವರ್ಷದಲ್ಲೇ ಹಾಗೆ ಕಂಡರೆ ಅಲ್ಲ. ಆಕಾರ ಅದೇ, ಅರ್ಥ ಮಾತ್ರ ವಯಸ್ಸಿನ ಜೊತೆ ಬದಲಾಗುತ್ತದೆ. ಮಕ್ಕಳ ಕಾಲಿನ ಬಗ್ಗೆ ನಡೆಯುವ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಶುರುವಾಗುತ್ತವೆ. ದೊಡ್ಡವರ ಕಾಲನ್ನು ಮನಸ್ಸಿನಲ್ಲಿಟ್ಟುಕೊಂಡು ಮಗುವಿನ ಕಾಲನ್ನು ಅಳೆಯುತ್ತೇವೆ. ಅದರ ಫಲವಾಗಿ, ಏನೂ ಆಗದ ಮಗುವಿಗೆ ಗಟ್ಟಿ ಶೂ ತೊಡಿಸುತ್ತೇವೆ. ನಿಜವಾಗಿ ಚಿಕಿತ್ಸೆ ಬೇಕಾದ ಮಗುವಿಗೆ ‘ಬೆಳೆಯುತ್ತಾ ಸರಿಹೋಗುತ್ತದೆ’ ಎಂದು ಹೇಳಿ ಎರಡು ವರ್ಷ ಕಳೆದುಬಿಡುತ್ತೇವೆ. ಎರಡೂ ಮಗುವಿಗೆ ಅನ್ಯಾಯವೇ.

ಕಾಲಿನ ಕ್ಯಾಲೆಂಡರ್

ತೊಡೆಯ ಮೂಳೆಗೂ ಕಣಕಾಲಿನ ದೊಡ್ಡ ಮೂಳೆಗೂ ಮಂಡಿಯ ಬಳಿ ಒಂದು ಕೋನವಿರುತ್ತದೆ. 1975ರಲ್ಲಿ ಫಿನ್‌ಲ್ಯಾಂಡಿನ ಸಲೇನಿಯಸ್ ಮತ್ತು ವಂಕಾ ಎಂಬ ವೈದ್ಯರು 1,279 ಮಕ್ಕಳ ಎಕ್ಸ್‌ರೇಗಳಲ್ಲಿ ಈ ಕೋನವನ್ನು ಅಳೆದು, ವಯಸ್ಸಿಗೆ ತಕ್ಕಂತೆ ಅದು ಹೇಗೆ ಬದಲಾಗುತ್ತದೆಂದು ತೋರಿಸಿದರು. ಹುಟ್ಟಿದಾಗ ಕಾಲು ಹೊರಕ್ಕೆ ಸುಮಾರು 10ರಿಂದ 15 ಡಿಗ್ರಿ ಬಾಗಿರುತ್ತದೆ. ಗರ್ಭದೊಳಗೆ ಕಾಲು ಮಡಚಿಕೊಂಡು ಕೂತಿದ್ದರ ಗುರುತು ಅದು. ಒಂದೂವರೆಯಿಂದ ಎರಡು ವರ್ಷದ ಹೊತ್ತಿಗೆ ಕಾಲು ನೇರವಾಗುತ್ತದೆ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ನೇರವಾದ ಕಾಲು ಇನ್ನೂ ಮುಂದಕ್ಕೆ ಹೋಗಿ ಒಳಕ್ಕೆ ಬಾಗುತ್ತದೆ, ಮೂರರಿಂದ ನಾಲ್ಕು ವರ್ಷದಲ್ಲಿ ಮಂಡಿಗಳು ಅತಿ ಹೆಚ್ಚು ಹತ್ತಿರ ಬರುತ್ತವೆ. ಆಗ ಸರಾಸರಿ ಒಳಬಾಗು 8ರಿಂದ 10 ಡಿಗ್ರಿ. 12 ಡಿಗ್ರಿವರೆಗೂ ಸಹಜ ಮಿತಿಯೊಳಗೇ ಇರಬಹುದು. ಅಲ್ಲಿಂದ ನಿಧಾನವಾಗಿ ಇಳಿದು ಏಳೆಂಟು ವರ್ಷಕ್ಕೆ ದೊಡ್ಡವರಲ್ಲಿ ಇರುವ 5ರಿಂದ 7 ಡಿಗ್ರಿಗೆ ಬಂದು ನಿಲ್ಲುತ್ತದೆ.

ಗಮನಿಸಿ, ದೊಡ್ಡವರ ಕಾಲೂ ಪೂರ್ತಿ ನೇರವಲ್ಲ. ಸ್ವಲ್ಪ ಒಳಬಾಗು ಇರಲೇಬೇಕು.

ಇಲ್ಲಿ ಪೋಷಕರನ್ನು ಗಾಬರಿಗೊಳಿಸುವುದು ಎರಡರಿಂದ ನಾಲ್ಕು ವರ್ಷದ ನಡುವಿನ ತಿರುವು. ಎರಡು ವರ್ಷಕ್ಕೆ ‘ಸರಿಯಾಯಿತು’ ಎಂದುಕೊಂಡ ಕಾಲು ಮೂರಕ್ಕೆ ‘ಕೆಟ್ಟಿತು’ ಎನಿಸುತ್ತದೆ. ಈ ನಡುವೆ ಯಾರೋ ಕೊಡಿಸಿದ ಶೂವನ್ನೋ, ಮಾಡಿಸಿದ ವ್ಯಾಯಾಮವನ್ನೋ ದೂರುತ್ತೇವೆ. ನಾಲ್ಕು ವರ್ಷದ ನಂತರ ಅದು ತಾನಾಗಿ ಇಳಿಯುವಾಗ, ಆ ಹೊತ್ತಿಗೆ ಕೊಡಿಸಿದ್ದ ಯಾವುದೋ ಪಟ್ಟಿಗೆ ಕೀರ್ತಿ ಸಲ್ಲುತ್ತದೆ. ಸರಿಪಡಿಸುವ ಶೂಗಳಿಗೆ ಇಷ್ಟು ಒಳ್ಳೆಯ ಹೆಸರು ಬಂದಿದ್ದು ಬಹುಪಾಲು ಹೀಗೆಯೇ.

ಮನೆಯಲ್ಲಿ ಅಳೆಯುವ ಕ್ರಮ

ಬರಿಗಣ್ಣಿನ ಅಂದಾಜಿಗಿಂತ ಒಂದು ಟೇಪು, ಒಂದು ನೋಟುಪುಸ್ತಕ ಎಷ್ಟೋ ವಾಸಿ. ಮಗುವನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಕಾಲು ನೀಡಿರಲಿ, ಎರಡೂ ಮಂಡಿಚಿಪ್ಪುಗಳು ನೇರ ಮೇಲ್ಛಾವಣಿಯನ್ನು ನೋಡುತ್ತಿರಲಿ. ಮಂಡಿಚಿಪ್ಪಿನ ಈ ದಿಕ್ಕು ಬಹಳ ಮುಖ್ಯ. ಕಾಲು ಸ್ವಲ್ಪ ತಿರುಗಿದ್ದರೂ, ಮಂಡಿ ತುಸು ಮಡಚಿದ್ದರೂ ಇಲ್ಲದ ಬಾಗು ಕಾಣಿಸುತ್ತದೆ.

ಬಿಲ್ಲುಗಾಲಾದರೆ ಒಳಗಿನ ಗಿಣ್ಣುಗಳನ್ನು ಮೆಲ್ಲಗೆ ತಾಕಿಸಿ, ಎರಡು ಮಂಡಿಗಳ ನಡುವಿನ ಅಂತರವನ್ನು ಅಳೆಯಿರಿ. ಮಂಡಿ ತಾಕುವ ಕಾಲಾದರೆ ಮಂಡಿಗಳನ್ನು ತಾಕಿಯೂ ತಾಕದಂತೆ ಸೇರಿಸಿ, ಒಳಗಿನ ಗಿಣ್ಣುಗಳ ನಡುವಿನ ಅಂತರವನ್ನು ಅಳೆಯಿರಿ. ಒತ್ತಿ ಹಿಡಿದರೆ ಅಳತೆ ತಪ್ಪುತ್ತದೆ. ತುಂಬು ತೊಡೆಯ ಮಗುವಿನಲ್ಲಿ ತೊಡೆಗಳೇ ಒಂದನ್ನೊಂದು ದೂರ ತಳ್ಳಿ, ಮೂಳೆ ನೇರವಿದ್ದರೂ ಗಿಣ್ಣುಗಳು ಅಗಲವಾಗಿ ನಿಲ್ಲುತ್ತವೆ, ಅದನ್ನೂ ನೆನಪಿಡಿ. ತಾರೀಖು ಹಾಕಿ ಬರೆದಿಟ್ಟು, ಮೂರು ನಾಲ್ಕು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಪ್ರತಿ ಸಲವೂ ಒಂದೇ ದೂರದಿಂದ, ಮಂಡಿಚಿಪ್ಪು ಮುಂದಕ್ಕೆ ಮಾಡಿ ನಿಲ್ಲಿಸಿ ತೆಗೆದ ಫೋಟೋ ಜೊತೆಗಿದ್ದರೆ ವೈದ್ಯರಿಗೆ ನೀವು ಕೊಡಬಹುದಾದ ಅತ್ಯುತ್ತಮ ದಾಖಲೆ ಅದು.

ಮಂಡಿಗಳ ನಡುವೆ 6 ಸೆಂ.ಮೀ.ಗಿಂತ ಹೆಚ್ಚು, ಅಥವಾ ಗಿಣ್ಣುಗಳ ನಡುವೆ 8 ಸೆಂ.ಮೀ.ಗಿಂತ ಹೆಚ್ಚು ಅಂತರವಿದ್ದರೆ ತೋರಿಸಬೇಕು. ಒಂದು ಅಳತೆಗಿಂತ ಅಳತೆ ಹೋಗುತ್ತಿರುವ ದಿಕ್ಕಿಗೆ ಬೆಲೆ ಹೆಚ್ಚು. ಗಿಣ್ಣುಗಳ ಅಂತರ ಮೂರು ವರ್ಷಕ್ಕೆ 6 ಇದ್ದದ್ದು ಐದು ವರ್ಷಕ್ಕೆ 4 ಆದರೆ ನೆಮ್ಮದಿ. ಐದಕ್ಕೆ 7 ಆದರೆ, 8 ಆಗಲಿ ಎಂದು ಕಾಯಬೇಡಿ.

ಕ್ಯಾಲೆಂಡರ್ ತಪ್ಪಿದಾಗ

ಎರಡು ವರ್ಷ ದಾಟಿದ ಮೇಲೂ ಬಿಲ್ಲುಗಾಲು ಉಳಿದಿದ್ದರೆ ಎರಡು ಕಾಯಿಲೆಗಳನ್ನು ಮೊದಲು ನೆನೆಯಬೇಕು.

ಒಂದು, ರಿಕೆಟ್ಸ್. ವಿಟಮಿನ್ ಡಿ ಅಥವಾ ಕ್ಯಾಲ್ಸಿಯಂ ಸಾಲದೆ, ಬೆಳೆಯುವ ಮೂಳೆಯ ತುದಿ ಗಟ್ಟಿಯಾಗದೆ ಉಳಿಯುವ ಸ್ಥಿತಿ ಇದು. ಕಾಲಿನ ಬಾಗು ಇದರ ಒಂದು ಗುರುತು ಮಾತ್ರ. ಮಣಿಕಟ್ಟು ದಪ್ಪವಾಗಿರುವುದು, ಪಕ್ಕೆಲುಬುಗಳ ಮುಂತುದಿಯಲ್ಲಿ ಮಣಿ ಪೋಣಿಸಿದ ಹಾಗೆ ಗಂಟು, ನೆತ್ತಿ ಮುಚ್ಚಲು ತಡ, ನಡೆಯಲು ತಡ, ಹಲ್ಲು ಬರಲು ತಡ ಇವನ್ನೆಲ್ಲ ಸೇರಿಸಿ ನೋಡಬೇಕು. ರಕ್ತಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರಿರುತ್ತದೆ. ಎಕ್ಸ್‌ರೇಯಲ್ಲಿ ಮಣಿಕಟ್ಟು ಮತ್ತು ಮಂಡಿಯ ಬಳಿ ಮೂಳೆಯ ತುದಿ ಬಟ್ಟಲಿನಂತೆ ತಗ್ಗಾಗಿ, ಅಂಚು ಕುಂಚದಂತೆ ಹರಿದು ಕಾಣುತ್ತದೆ. ಇದನ್ನು ತಡೆಯಲು 2016ರ ಅಂತರರಾಷ್ಟ್ರೀಯ ಒಮ್ಮತದ ಶಿಫಾರಸು ಹೀಗಿದೆ: ಮೊದಲ ವರ್ಷ ದಿನಕ್ಕೆ 400 ಐಯು (ಅಂತರರಾಷ್ಟ್ರೀಯ ಯೂನಿಟ್) ವಿಟಮಿನ್ ಡಿ, ಆಮೇಲೆ ಆಹಾರ ಮತ್ತು ಪೂರಕಗಳಿಂದ ದಿನಕ್ಕೆ 600 ಐಯು. ಕ್ಯಾಲ್ಸಿಯಂ ವಿಷಯ ಮರೆಯುವವರೇ ಹೆಚ್ಚು. ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ 300 ಮಿ.ಗ್ರಾಂ.ಗಿಂತ ಕಡಿಮೆ ಕ್ಯಾಲ್ಸಿಯಂ ಸಿಕ್ಕರೆ, ವಿಟಮಿನ್ ಡಿ ಸಾಕಷ್ಟಿದ್ದರೂ ರಿಕೆಟ್ಸ್ ಬರಬಹುದು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಪರೀಕ್ಷೆಯಿಲ್ಲದೆ, ಕಾಲು ಬಾಗಿದೆ ಎಂಬ ಒಂದೇ ಕಾರಣಕ್ಕೆ, ಹೆಚ್ಚು ಪ್ರಮಾಣದ ವಿಟಮಿನ್ ಡಿಯನ್ನು ಮತ್ತೆ ಮತ್ತೆ ಕೊಡಬೇಡಿ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಮೂತ್ರಪಿಂಡಕ್ಕೆ ಹಾನಿ ಆಗಬಹುದು. ಅಲ್ಲದೆ, ಮೂತ್ರದಲ್ಲಿ ಫಾಸ್ಫೇಟ್ ಸೋರಿಹೋಗುವ ವಂಶಪಾರಂಪರ್ಯದ ರಿಕೆಟ್ಸ್ ಒಂದಿದೆ. ಅದು ಮಾಮೂಲಿ ವಿಟಮಿನ್ ಡಿಗೆ ಜಗ್ಗುವುದಿಲ್ಲ. ಆದ್ದರಿಂದ ಕ್ಯಾಲ್ಸಿಯಂ ಜೊತೆಗೆ ಫಾಸ್ಫೇಟನ್ನೂ ನೋಡಲೇಬೇಕು.

ಎರಡನೆಯದು, 1937ರಲ್ಲಿ ವಾಲ್ಟರ್ ಬ್ಲೌಂಟ್ ವಿವರಿಸಿದ ಕಾಯಿಲೆ, ಅವರ ಹೆಸರಿನಿಂದಲೇ ಕರೆಯುತ್ತಾರೆ. ಟಿಬಿಯಾ ಎಂಬ ಕಣಕಾಲಿನ ದೊಡ್ಡ ಮೂಳೆಯ ಮೇಲ್ತುದಿಯ ಒಳಬದಿ ಬೆಳೆಯುವುದು ಕುಂಠಿತವಾಗುತ್ತದೆ, ಹೊರಬದಿ ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ಬಾಗು ಹೆಚ್ಚುತ್ತಾ ಹೋಗುತ್ತದೆ. ಬೇಗ ನಡೆಯಲು ಕಲಿತ, ತೂಕ ಹೆಚ್ಚಿರುವ ಮಕ್ಕಳಲ್ಲಿ ಹೆಚ್ಚು. ಸಹಜ ಬಿಲ್ಲುಗಾಲಿನಲ್ಲಿ ಬಾಗು ಇಡೀ ಕಾಲಿಗೆ ಹಂಚಿಕೊಂಡಿರುತ್ತದೆ. ಇಲ್ಲಿ ಮಂಡಿಯ ಸ್ವಲ್ಪ ಕೆಳಗೆ ಥಟ್ಟನೆ ಮುರಿದ ಹಾಗೆ ಕಾಣುತ್ತದೆ. ಮಗು ನಡೆಯುವಾಗ ಹೆಜ್ಜೆ ಊರಿದ ಕ್ಷಣ ಮಂಡಿ ಹೊರಕ್ಕೆ ಜಗ್ಗುತ್ತದೆ. ಮೊಬೈಲಿನಲ್ಲಿ ಎದುರಿನಿಂದ ಹತ್ತು ಹೆಜ್ಜೆ ಚಿತ್ರಿಸಿ, ನಿಧಾನಗತಿಯಲ್ಲಿ ನೋಡಿದರೆ ಈ ಜಗ್ಗು ಪೋಷಕರಿಗೇ ಕಾಣುತ್ತದೆ. ಇದರಲ್ಲಿ ಸಮಯ ಬಹಳ ಮುಖ್ಯ: ಆರಂಭದ ಹಂತದಲ್ಲಿ ಮೂರು ವರ್ಷದೊಳಗೆ ಬ್ರೇಸ್ (ಕಾಲಿಗೆ ಕಟ್ಟುವ ಆಸರೆ) ಕೆಲಸ ಮಾಡಬಹುದು. ಬ್ರೇಸಿಗೆ ಬಗ್ಗದಿದ್ದರೆ ನಾಲ್ಕು ವರ್ಷಕ್ಕೆ ಮುಂಚೆ ಮಾಡುವ ಶಸ್ತ್ರಚಿಕಿತ್ಸೆಯ ಫಲಿತಾಂಶ ಉತ್ತಮ, ತಡವಾದಷ್ಟೂ ಬಾಗು ಮರುಕಳಿಸುತ್ತದೆ. ‘ನೋಡೋಣ’ ಎಂಬ ಮಾತು ಇಲ್ಲಿ ದುಬಾರಿ.

ಇವಲ್ಲದೆ, ಒಂದೇ ಕಾಲು ಬಾಗಿದ್ದರೆ, ಮಗುವಿನ ಎತ್ತರ ವಯಸ್ಸಿಗೆ ತೀರಾ ಕಡಿಮೆಯಿದ್ದರೆ, ಮನೆಯಲ್ಲಿ ಮೂಳೆ ಕಾಯಿಲೆ ಇದ್ದರೆ, ಹಿಂದೆ ಮಂಡಿಯ ಬಳಿ ಮೂಳೆ ಮುರಿದೋ ಸೋಂಕು ತಗುಲಿಯೋ ಇದ್ದರೆ, ಏಳೆಂಟು ವರ್ಷವಾದರೂ ಮಂಡಿ ತಾಕುವುದು ಹೆಚ್ಚುತ್ತಲೇ ಇದ್ದರೆ, ವಯಸ್ಸಿನ ಲೆಕ್ಕ ಬಿಟ್ಟು ಮೂಳೆ ತಜ್ಞರಿಗೆ ತೋರಿಸಿ. ದೊಡ್ಡ ಮಕ್ಕಳಲ್ಲಿ ಉಳಿದ ಬಾಗಿಗೆ ಈಗ ಮೂಳೆ ಕತ್ತರಿಸದೆ ಮಾಡುವ ದಾರಿಯಿದೆ. ಮೂಳೆಯ ತುದಿಯಲ್ಲಿರುವ ಬೆಳವಣಿಗೆಯ ಪದರದ ಒಂದು ಬದಿಗೆ ಎರಡು ತಿರುಪು ಹಾಕಿದ ಪುಟ್ಟ ಪ್ಲೇಟನ್ನು ಕೂಡಿಸಿದರೆ ಆ ಬದಿಯ ಬೆಳವಣಿಗೆ ತಡೆಯುತ್ತದೆ, ಇನ್ನೊಂದು ಬದಿ ಬೆಳೆದು ಕಾಲು ನೇರವಾಗುತ್ತದೆ. ತೊಡೆಮೂಳೆಯ ಕೆಳತುದಿಯಲ್ಲಿ ಸುಮಾರಾಗಿ ತಿಂಗಳಿಗೆ ಒಂದು ಡಿಗ್ರಿ. ನೇರವಾದ ಕೂಡಲೇ ಪ್ಲೇಟು ತೆಗೆಯಬೇಕು, ಇಲ್ಲದಿದ್ದರೆ ಕಾಲು ಎದುರು ದಿಕ್ಕಿಗೆ ಬಾಗುತ್ತದೆ. ಬೆಳೆಯಲು ಇನ್ನೂ ಕಾಲಾವಕಾಶ ಇರುವ ಮಗುವಿಗೆ ಮಾತ್ರ ಇದು ಸಾಧ್ಯ.

ಚಪ್ಪಟೆ ಪಾದ: ಬಳುಕುತ್ತದೋ, ಬಿಗಿದಿದೆಯೋ?

ನಡೆಯಲು ಕಲಿಯುತ್ತಿರುವ ಮಗುವಿನ ಅಂಗಾಲಿನಲ್ಲಿ ಕಮಾನು ಕಾಣುವುದೇ ಇಲ್ಲ. ಎರಡು ಕಾರಣ. ಕಮಾನಿನ ಜಾಗದಲ್ಲಿ ಕೊಬ್ಬಿನ ಮೆತ್ತೆ ತುಂಬಿರುತ್ತದೆ. ಮೂಳೆಗಳನ್ನು ಬಿಗಿದು ಕಟ್ಟುವ ಅಸ್ಥಿರಜ್ಜುಗಳೂ ಸಡಿಲವಾಗಿರುತ್ತವೆ, ದೇಹದ ಭಾರ ಬಿದ್ದೊಡನೆ ಪಾದ ಹರಡಿಕೊಳ್ಳುತ್ತದೆ, ಹಿಮ್ಮಡಿ ಹೊರಕ್ಕೆ ವಾಲುತ್ತದೆ. ಮೊದಲ ಹತ್ತು ವರ್ಷಗಳಲ್ಲಿ ರಜ್ಜುಗಳು ಬಿಗಿಯಾಗುತ್ತಾ ಕಮಾನು ನಿಧಾನವಾಗಿ ಕಾಣಿಸಿಕೊಳ್ಳುತ್ತದೆ. ಆಸ್ಟ್ರಿಯಾದಲ್ಲಿ ಮೂರರಿಂದ ಆರು ವರ್ಷದ 835 ಮಕ್ಕಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ವರ್ಷದವರಲ್ಲಿ ಶೇ. 54 ಮಂದಿಗೆ ಚಪ್ಪಟೆ ಪಾದವಿತ್ತು, ಆರು ವರ್ಷದವರಲ್ಲಿ ಶೇ. 24 ಮಂದಿಗೆ. ಕಾಯಿಲೆ ಎನ್ನಬಹುದಾದ ಚಪ್ಪಟೆ ಪಾದ ಶೇ. 1ಕ್ಕಿಂತ ಕಡಿಮೆ. ಆದರೂ ಹತ್ತರಲ್ಲಿ ಒಂದು ಮಗು ಶೂ ಒಳಗೆ ಕಮಾನಿಗೆ ಆಸರೆಯಾಗುವ ಆರ್ಚ್ ಸಪೋರ್ಟ್ ಹಾಕಿಕೊಂಡಿತ್ತು. ಬೇಕಾದವರಿಗಿಂತ ಎಷ್ಟೋ ಪಟ್ಟು ಹೆಚ್ಚು ಮಕ್ಕಳು ಅದನ್ನು ಹೊತ್ತು ನಡೆಯುತ್ತಿದ್ದರು ಎಂದಾಯಿತು.

ಆದ್ದರಿಂದ ‘ಚಪ್ಪಟೆಯಾಗಿದೆಯೇ’ ಎಂಬ ಪ್ರಶ್ನೆಯಿಂದ ಹೆಚ್ಚು ಪ್ರಯೋಜನವಿಲ್ಲ. ಒದ್ದೆ ಕಾಲಿನ ಗುರುತು ನೋಡುವ ಪರೀಕ್ಷೆಯೂ ಅಷ್ಟನ್ನೇ ಹೇಳುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಕೇಳಬೇಕಾದ್ದು ಪಾದ ಬಳುಕುತ್ತದೆಯೇ ಎಂದು. ಮಗುವಿನ ಹಿಂದೆ ನೆಲದ ಮಟ್ಟದಲ್ಲಿ ಕೂತು ಹಿಮ್ಮಡಿಗಳನ್ನು ನೋಡಿ, ಆಮೇಲೆ ತುದಿಗಾಲಿನಲ್ಲಿ ನಿಲ್ಲಲು ಹೇಳಿ. ಮೂರು ವರ್ಷ ದಾಟಿದ ಮಗು ಗೋಡೆ ಹಿಡಿದು ನಿಲ್ಲಬಲ್ಲದು. ಕಮಾನು ಮೂಡಿ, ಹೊರಕ್ಕೆ ವಾಲಿದ್ದ ಹಿಮ್ಮಡಿ ಒಳಕ್ಕೆ ತಿರುಗಿದರೆ ಪಾದ ಬಳುಕುವಂಥದ್ದು. ಇನ್ನೂ ಚಿಕ್ಕ ಮಗುವಾದರೆ ಮೇಜಿನ ಅಂಚಿನಲ್ಲಿ ಕೂರಿಸಿ ಕಾಲು ಇಳಿಬಿಡಿಸಿ. ಭಾರವಿಲ್ಲದಾಗ ಕಮಾನು ಕಾಣುತ್ತದೆಯೇ ನೋಡಿ. ಅಥವಾ ನಿಂತಿರುವಾಗಲೇ ಹೆಬ್ಬೆರಳನ್ನು ಕೈಯಿಂದ ಮೇಲಕ್ಕೆ ಎತ್ತಿ. ಅಂಗಾಲಿನಲ್ಲಿ ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಹಾಯುವ ಗಟ್ಟಿ ಪಟ್ಟಿ ರಾಟೆಯ ಹಗ್ಗದಂತೆ ಬಿಗಿದುಕೊಂಡು ಕಮಾನನ್ನು ಎತ್ತುತ್ತದೆ.

ಇವುಗಳಲ್ಲಿ ಯಾವುದಕ್ಕೂ ಕಮಾನು ಮೂಡದಿದ್ದರೆ, ಹಿಮ್ಮಡಿ ಕದಲದಿದ್ದರೆ, ಅದು ಬಿಗಿದ ಚಪ್ಪಟೆ ಪಾದ. ಇದಕ್ಕೆ ಕಾರಣ ಹುಡುಕಲೇಬೇಕು. ನವಜಾತ ಶಿಶುವಿನ ಅಂಗಾಲು ದೋಣಿಯ ತಳದಂತೆ ಹೊರಕ್ಕೆ ಉಬ್ಬಿ ಗಟ್ಟಿಯಾಗಿದ್ದರೆ, ಪಾದದ ಟೇಲಸ್ ಮೂಳೆ ಹುಟ್ಟಿನಿಂದಲೇ ನೆಟ್ಟಗೆ ನಿಂತಿರುವ ದೋಷ ಇರಬಹುದು. ಮೊದಲ ವಾರಗಳಲ್ಲೇ ತೋರಿಸಬೇಕು. ಇದನ್ನು, ಪಾದ ಮೇಲಕ್ಕೆ ಮಡಚಿ ಕಣಕಾಲಿನ ಮುಂಭಾಗಕ್ಕೆ ಒರಗಿದಂತೆ ಇರುವ, ಮೆತ್ತಗೆ ಕೆಳಕ್ಕೆ ಬಾಗಿಸಬಹುದಾದ ಶಿಶುಪಾದದ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅದು ಗರ್ಭದೊಳಗಿನ ಭಂಗಿಯ ಫಲ, ತಾನಾಗಿ ಸರಿಹೋಗುತ್ತದೆ. ಎಂಟರಿಂದ ಹದಿನಾರು ವರ್ಷದ ಮಕ್ಕಳಲ್ಲಿ ಬಿಗಿತದ ಜೊತೆಗೆ ನೋವೂ, ಪದೇ ಪದೇ ಕಾಲು ಉಳುಕುವುದೂ ಇದ್ದರೆ, ಪಾದದ ಎರಡು ಮೂಳೆಗಳ ನಡುವೆ ಸೇತುವೆ ಬೆಸೆದಿರಬಹುದು. ಹುಟ್ಟಿನಿಂದಲೇ ಇದ್ದ ಮೃದುವಾದ ಸೇತುವೆ ಈ ವಯಸ್ಸಿನಲ್ಲಿ ಮೂಳೆಯಾಗುವುದರಿಂದ ನೋವು ಆಗ ಶುರುವಾಗುತ್ತದೆ.

ಹಿಮ್ಮಡಿಯ ಹಗ್ಗ

ಬಳುಕುವ ಪಾದದಲ್ಲೂ ಒಂದು ಪರೀಕ್ಷೆ ಬಾಕಿಯಿದೆ. ಅವಸರದ ತಪಾಸಣೆಯಲ್ಲಿ ಬಿಟ್ಟುಹೋಗುವುದು ಇದೇ. ಮೀನಖಂಡದ ಸ್ನಾಯುವನ್ನು ಹಿಮ್ಮಡಿಗೆ ಕಟ್ಟುವ ಅಕಿಲಿಸ್ ಸ್ನಾಯುರಜ್ಜು ಗಿಡ್ಡವಾಗಿದೆಯೇ? 1940ರ ದಶಕದಲ್ಲಿ ಕೆನಡಾದ ಸೈನಿಕರ ಪಾದಗಳನ್ನು ಪರೀಕ್ಷಿಸಿದ ಹ್ಯಾರಿಸ್ ಮತ್ತು ಬೀತ್, ಬಳುಕುವ ಚಪ್ಪಟೆ ಪಾದ ತನ್ನಷ್ಟಕ್ಕೆ ತೊಂದರೆ ಕೊಡುವುದಿಲ್ಲ, ಅಕಿಲಿಸ್ ಗಿಡ್ಡವಿದ್ದಾಗ ಮಾತ್ರ ನೋವು ಮತ್ತು ಅಡಚಣೆ ಬರುತ್ತದೆ ಎಂದು ಬೇರ್ಪಡಿಸಿ ತೋರಿಸಿದರು. ಎಪ್ಪತ್ತು ವರ್ಷ ಮೀರಿದರೂ ಈ ವಿಂಗಡಣೆ ನಿಂತಿದೆ.

ಪರೀಕ್ಷೆ ಹೀಗೆ. ಮಗುವನ್ನು ಮಲಗಿಸಿ, ಮಂಡಿ ನೇರ ಮಾಡಿ. ಒಂದು ಕೈಯಲ್ಲಿ ಹಿಮ್ಮಡಿ ಹಿಡಿದು ಪಾದವನ್ನು ಸ್ವಲ್ಪ ಒಳಕ್ಕೆ ತಿರುಗಿಸಿ, ಆಮೇಲೆ ಇಡೀ ಪಾದವನ್ನು ಮೇಲಕ್ಕೆ ತಳ್ಳಿ. ಪಾದ ಲಂಬಕೋನ ದಾಟಿ ಕನಿಷ್ಠ 10 ಡಿಗ್ರಿ ಮೇಲೇರಬೇಕು. ಈಗ ಮಂಡಿ ಮಡಚಿ ಅದನ್ನೇ ಮಾಡಿ. ಮಡಚಿದಾಗ ಸಲೀಸಾಗಿ ಏರಿ, ನೇರ ಮಾಡಿದಾಗ ಸಿಕ್ಕಿಕೊಂಡರೆ ಬಿಗಿತ ಮೀನಖಂಡದ ಮೇಲಿನ ಸ್ನಾಯುವಿನಲ್ಲಿದೆ. ಎರಡರಲ್ಲೂ ಸಿಕ್ಕಿಕೊಂಡರೆ ಇಡೀ ರಜ್ಜು ಗಿಡ್ಡ. ಪಾದವನ್ನು ಒಳಕ್ಕೆ ತಿರುಗಿಸದೆ ತಳ್ಳಿದರೆ ಏನಾಗುತ್ತದೆ? ಹಿಮ್ಮಡಿ ಇದ್ದಲ್ಲೇ ಇರುತ್ತದೆ, ಪಾದದ ನಡುಭಾಗ ಮಡಚಿಕೊಂಡು ಬೆರಳುಗಳು ಮೇಲೇರುತ್ತವೆ. ಬಿಗಿ ರಜ್ಜು ಸಡಿಲವೆಂದು ಕಾಣುತ್ತದೆ.

ವ್ಯಾಯಾಮದಲ್ಲೂ ಇದೇ ತಪ್ಪು ಆಗುತ್ತದೆ. ಗೋಡೆಗೆ ಎರಡೂ ಕೈ ಊರಿ, ಒಂದು ಕಾಲು ಹಿಂದಿಟ್ಟು, ಹಿಂದಿನ ಕಾಲಿನ ಮಂಡಿ ನೇರ, ಹಿಮ್ಮಡಿ ನೆಲಕ್ಕೆ, ಬೆರಳುಗಳು ನೇರ ಮುಂದಕ್ಕೋ ತುಸು ಒಳಕ್ಕೋ ಇರಬೇಕು. ಮುಂದಿನ ಮಂಡಿ ಮಡಚುತ್ತಾ ಮೀನಖಂಡ ಸೆಳೆಯುವವರೆಗೆ ಗೋಡೆಯತ್ತ ವಾಲಿ, 30 ಸೆಕೆಂಡು ನಿಲ್ಲಬೇಕು. ಒಂದೊಂದು ಕಾಲಿಗೆ ಮೂರು ನಾಲ್ಕು ಸಲ, ದಿನಕ್ಕೆ ಎರಡು ಬಾರಿ, ತಿಂಗಳುಗಟ್ಟಲೆ. ಹಿಂದಿನ ಪಾದ ಹೊರಕ್ಕೆ ತಿರುಗಿದರೆ ಎಳೆತವೆಲ್ಲ ಪಾದದ ನಡುವಿಗೆ ಹೋಗುತ್ತದೆ. ರಜ್ಜು ಗಿಡ್ಡವಾಗಿಯೇ ಉಳಿದು, ಚಪ್ಪಟೆ ಹೆಚ್ಚುತ್ತದೆ. ಆದ್ದರಿಂದ ಮೊದಲ ಎರಡು ವಾರ ದೊಡ್ಡವರೊಬ್ಬರು ಹಿಂದೆ ಕೂತು ಪಾದದ ದಿಕ್ಕು ನೋಡಲೇಬೇಕು.

ಶೂ ಮತ್ತು ಇನ್ಸೋಲ್

1989ರಲ್ಲಿ ಅಮೆರಿಕದಲ್ಲಿ ವೆಂಗರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಎಲ್ಲ ಪೋಷಕರಿಗೂ ತಿಳಿದಿರಬೇಕು. ಒಂದರಿಂದ ಆರು ವರ್ಷದ, ಬಳುಕುವ ಚಪ್ಪಟೆ ಪಾದದ 129 ಮಕ್ಕಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಯಾವ ಚಿಕಿತ್ಸೆಯೂ ಇಲ್ಲ, ಉಳಿದವರಿಗೆ ಸರಿಪಡಿಸುವ ಶೂ, ಹಿಮ್ಮಡಿ ಬಟ್ಟಲು (ಹಿಮ್ಮಡಿ ಕೂರುವ ಬಟ್ಟಲಿನಂಥ ಆಸರೆ) ಅಥವಾ ಅಳತೆಗೆ ಮಾಡಿಸಿದ ಇನ್ಸೋಲ್ (ಶೂ ಒಳಗೆ ಇಡುವ ಒಳ ಅಟ್ಟೆ). ಮೂರು ವರ್ಷ ಬಿಟ್ಟು ನೋಡಿದಾಗ ಎಲ್ಲ ಗುಂಪುಗಳ ಪಾದವೂ ಸುಧಾರಿಸಿತ್ತು. ಚಿಕಿತ್ಸೆ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸವಿರಲಿಲ್ಲ.

ಮಣಿಪಾಲದ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 1992ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಶ್ನೆ ಇದಕ್ಕಿಂತ ಆಳವಾದದ್ದು. ನಾಲ್ಕರಿಂದ ಹದಿಮೂರು ವರ್ಷದ 2,300 ಮಕ್ಕಳ ಹೆಜ್ಜೆಗುರುತು ತೆಗೆದು ನೋಡಿದಾಗ, ಪಾದರಕ್ಷೆ ಹಾಕುವವರಲ್ಲಿ ಶೇ. 8.6 ಮಂದಿಗೆ, ಬರಿಗಾಲಿನವರಲ್ಲಿ ಶೇ. 2.8 ಮಂದಿಗೆ ಚಪ್ಪಟೆ ಪಾದವಿತ್ತು. ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಹೆಚ್ಚು, ಚಪ್ಪಲಿ ಹಾಕುವವರಲ್ಲಿ ಕಡಿಮೆ. ಇಷ್ಟರಿಂದಲೇ ಶೂ ಕಮಾನನ್ನು ಕೆಡಿಸುತ್ತದೆ ಎಂದು ಸಾಧಿಸಿದಂತಾಗುವುದಿಲ್ಲ. ಆದರೆ ಕಮಾನು ಬೆಳೆಯಲು ಗಟ್ಟಿ ಶೂ ಬೇಕು ಎಂಬ ನಂಬಿಕೆಗೆ ಆಧಾರವಿಲ್ಲ ಎಂಬುದು ಸ್ಪಷ್ಟ. ಮನೆಯೊಳಗೆ, ಸುರಕ್ಷಿತ ನೆಲದಲ್ಲಿ ಬರಿಗಾಲು ಬಿಡಿ. ಓಡುವುದು, ಹತ್ತುವುದು, ತುದಿಗಾಲಿನಲ್ಲಿ ಆಡುವುದು ಪಾದದ ಸ್ನಾಯುಗಳಿಗೆ ಕೆಲಸ ಕೊಡುತ್ತದೆ.

ಹೊರಗೆ ಹಾಕುವ ಶೂ ಕೊಳ್ಳುವಾಗ, ಮಗು ನಿಂತಿರುವಾಗ ಅಳತೆ ತೆಗೆಯಿರಿ, ದೊಡ್ಡದಿರುವ ಪಾದಕ್ಕೆ ಕೊಳ್ಳಿರಿ. ಉದ್ದನೆಯ ಬೆರಳಿನ ಮುಂದೆ ಒಂದು ಸೆಂ.ಮೀ. ಜಾಗ, ಬೆರಳುಗಳು ಹರಡುವಷ್ಟು ಅಗಲ ಬೇಕು. ಅಟ್ಟೆಯನ್ನು ಎರಡು ಕೈಯಲ್ಲಿ ಬಗ್ಗಿಸಿದರೆ ಬೆರಳುಗಳ ಬುಡದಲ್ಲಿ ಸುಲಭವಾಗಿ ಬಗ್ಗಬೇಕು. ಮೂರು ತಿಂಗಳಿಗೊಮ್ಮೆ ಅಳತೆ ನೋಡಿ. ಸಣ್ಣದಾದ ಶೂ ಬಗ್ಗೆ ಪುಟ್ಟ ಮಕ್ಕಳು ದೂರುವುದು ಅಪರೂಪ.

ಇನ್ಸೋಲ್ ಎಂದೂ ಬೇಡವೇ? ನೋವಿದ್ದರೆ ಬೇಕು. ನಡೆದ ಮೇಲೆ ಪಾದದ ಒಳಬದಿಯಲ್ಲೋ ಮೀನಖಂಡದಲ್ಲೋ ನೋವು, ಬೇಗ ದಣಿದು ಎತ್ತಿಕೊಳ್ಳಿ ಎನ್ನುವುದು, ಶೂ ಒಂದೇ ಬದಿ ಸವೆಯುವುದು ಇದ್ದರೆ ಮೃದುವಾದ ಇನ್ಸೋಲ್ ಆರಾಮ ಕೊಡಬಲ್ಲದು. ಕಮಾನನ್ನು ಅದು ಕಟ್ಟುವುದಿಲ್ಲ, ಹಾಕಿಕೊಂಡಿರುವಷ್ಟು ಹೊತ್ತು ಭಾರವನ್ನು ಹಂಚುತ್ತದೆ. ಆದರೆ ಅಕಿಲಿಸ್ ಗಿಡ್ಡವಿರುವ ಮಗುವಿಗೆ ಗಟ್ಟಿ ಆರ್ಚ್ ಸಪೋರ್ಟ್ ಕೊಟ್ಟರೆ ನೋವು ಹೆಚ್ಚುತ್ತದೆ. ಮೇಲಿನಿಂದ ರಜ್ಜು ಹಿಮ್ಮಡಿಯನ್ನು ಎಳೆಯುತ್ತಿರುತ್ತದೆ, ಕೆಳಗಿನಿಂದ ಪ್ಲಾಸ್ಟಿಕ್ಕು ಒತ್ತುತ್ತದೆ, ನಡುವೆ ಟೇಲಸ್ ಮೂಳೆಯ ತಲೆ ಸಿಕ್ಕಿಕೊಂಡು ಅಂಗಾಲಿನ ಒಳಬದಿ ಕೆಂಪಾಗಿ ದಡ್ಡುಗಟ್ಟುತ್ತದೆ. ಮೊದಲು ರಜ್ಜು ಸಡಿಲಿಸಿ, ಆಮೇಲೆ ಇನ್ಸೋಲ್.

ಒಳಕ್ಕೆ ತಿರುಗಿದ ಹೆಜ್ಜೆ

ಇದನ್ನು ಚುಟುಕಾಗಿ ಹೇಳಿದರೆ ಸಾಕು. ಶಿಶುವಿನಲ್ಲಾದರೆ ಪಾದದ ಮುಂಭಾಗವೇ ಒಳಕ್ಕೆ ಬಾಗಿರುತ್ತದೆ. ಕೈಯಿಂದ ನೇರವಾಗುವಂತಿದ್ದರೆ ಬಹುಪಾಲು ತಾನಾಗಿ ಸರಿಹೋಗುತ್ತದೆ. ಒಂದರಿಂದ ಮೂರು ವರ್ಷದಲ್ಲಾದರೆ ಟಿಬಿಯಾ ಒಳಕ್ಕೆ ತಿರುಚಿರುತ್ತದೆ, ಐದರ ಹೊತ್ತಿಗೆ ಬಿಚ್ಚಿಕೊಳ್ಳುತ್ತದೆ. ಮೂರರಿಂದ ಆರು ವರ್ಷದಲ್ಲಾದರೆ ತಿರುಚು ತೊಡೆಮೂಳೆಯಲ್ಲಿ: ಹುಟ್ಟುವಾಗ ಸುಮಾರು 40 ಡಿಗ್ರಿ ಇದ್ದದ್ದು ಬೆಳೆದವರಲ್ಲಿ 15ಕ್ಕೆ ಇಳಿಯುತ್ತದೆ, ಹತ್ತು ವರ್ಷದವರೆಗೂ ಇಳಿಯುತ್ತಲೇ ಇರುತ್ತದೆ. ಇಂಥ ಮಕ್ಕಳು ಕಾಲನ್ನು ಎರಡೂ ಬದಿಗೆ ಮಡಚಿ ಕೂರುವುದು ಅವರ ಮೂಳೆಗೆ ಹಾಗೆ ಸುಲಭ ಎಂಬ ಕಾರಣಕ್ಕೆ. ಗದರಿಸಿ ಕೂರುವ ರೀತಿ ಬದಲಿಸಿದರೆ ಮೂಳೆ ತಿರುಗುವುದಿಲ್ಲ. ರಾತ್ರಿ ಕಟ್ಟುವ ಪಟ್ಟಿ, ತಿರುಗುಶೂಗಳಿಂದಲೂ ಇಲ್ಲ.

ಸಭಿಕರ ಪ್ರಶ್ನೆಗಳಿಂದ

ಡೈಪರ್ ಕಟ್ಟುವುದರಿಂದ, ಸೊಂಟದ ಮೇಲೆ ಎತ್ತಿಕೊಳ್ಳುವುದರಿಂದ ಕಾಲು ಬಾಗುತ್ತದೆಯೇ? ಇಲ್ಲ. ಬಾಗು ಹುಟ್ಟಿನಿಂದಲೇ ಇರುತ್ತದೆ, ಡೈಪರ್ ಅದನ್ನು ಎದ್ದು ಕಾಣಿಸುತ್ತದೆ ಅಷ್ಟೇ. ಹಾಗೆಯೇ ಬಾಗಿದ ಮೂಳೆಯನ್ನು ಕೈಯಿಂದ ಒತ್ತಿ ನೇರ ಮಾಡಲು ಹೋಗಬೇಡಿ; ರಿಕೆಟ್ಸ್ ಇರುವ ಮಗುವಿನಲ್ಲಿ ಮೂಳೆ ಮುರಿಯಬಹುದು.

ತುದಿಗಾಲಿನಲ್ಲೇ ನಡೆಯುವ ಹುಡುಗನ ಬಗ್ಗೆ ಒಬ್ಬರು ಕೇಳಿದರು. ನಡಿಗೆ ಕಲಿತ ಹೊಸದರಲ್ಲಿ ಹಲವು ಮಕ್ಕಳು ಹಾಗೆ ಮಾಡುತ್ತಾರೆ. ಮೂರು ವರ್ಷ ದಾಟಿಯೂ ಮುಂದುವರಿದರೆ ಅಕಿಲಿಸ್ ಪರೀಕ್ಷೆ ಆಗಲೇಬೇಕು. ನೆಲದಿಂದ ಏಳುವಾಗ ಕೈಗಳನ್ನು ತೊಡೆಯ ಮೇಲೆ ಊರಿಕೊಂಡು ಮೇಲೇರುತ್ತಾನೆಯೇ, ಮೆಟ್ಟಿಲು ಹತ್ತಲು ಕಷ್ಟಪಡುತ್ತಾನೆಯೇ, ಮೀನಖಂಡ ಅತಿಯಾಗಿ ದಪ್ಪವಿದೆಯೇ ನೋಡಿ. ಇದ್ದರೆ ಸ್ನಾಯುಕ್ಷಯದ ಸಾಧ್ಯತೆಗಾಗಿ ರಕ್ತದಲ್ಲಿ ಸಿಕೆ (ಕ್ರಿಯಾಟಿನ್ ಕೈನೇಸ್ ಎಂಬ ಸ್ನಾಯು ಕಿಣ್ವ) ಪರೀಕ್ಷೆ ತಡಮಾಡದೆ ಆಗಬೇಕು.

ರಾತ್ರಿ ಕಾಲುನೋವು ಎಂದು ಅಳುವ ಮಗುವಿಗೆ ಚಪ್ಪಟೆ ಪಾದವೇ ಕಾರಣವೇ ಎಂಬುದು ಕೊನೆಯ ಪ್ರಶ್ನೆ. ಎರಡೂ ಕಾಲು ನೋಯುವುದು, ಸಂಜೆ ಅಥವಾ ರಾತ್ರಿ ಮಾತ್ರ ನೋಯುವುದು, ನೀವಿದರೆ ಇಳಿಯುವುದು, ಬೆಳಿಗ್ಗೆ ಎದ್ದು ಎಂದಿನಂತೆ ಓಡುವುದು ಬೆಳೆಯುವ ಮಕ್ಕಳಲ್ಲಿ ಸಾಮಾನ್ಯ. ಅದಕ್ಕೆ ಪಾದವನ್ನು ದೂರಬೇಕಿಲ್ಲ. ಒಂದೇ ಕಾಲಿನ ಒಂದೇ ಜಾಗದಲ್ಲಿ ನೋವು, ಹಗಲೂ ಕುಂಟುವುದು, ಊತ, ಜ್ವರ, ತೂಕ ಇಳಿಯುವುದು ಇವುಗಳಲ್ಲಿ ಒಂದಿದ್ದರೂ ಅಳತೆ, ಫೋಟೋ, ನೋಟುಪುಸ್ತಕ ಎಲ್ಲವನ್ನೂ ಬದಿಗಿಟ್ಟು ಅದೇ ದಿನ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.